ಕಾಟಕ್ಕೊಳಗಾದ ಕಿಶೋರರೂ ದೂರದ ಆಸರೆಯೂ

2010ನೆಯ ಇಸವಿ ಸೆಪ್ಟೆಂಬರ್ 21ರಂದು ಸುಮಾರು ಎಂಟು ನಿಮಿಷಗಳ ವಿಡಿಯೋ ಒಂದು ಯೂಟ್ಯೂಬಿನಲ್ಲಿ ಪ್ರಕಟವಾಯಿತು. ಅದರಲ್ಲಿ ಜೊತೆಯಾಗಿ ಕುಳಿತು ಮಾತನಾಡಿದವರು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಿಯಾಟಲ್ ನಗರದ ಪತ್ರಿಕಾ ಅಂಕಣಕಾರರಾದ ಡ್ಯಾನ್ ಸ್ಯಾವೇಜ್ ಎಂಬವರು ಮತ್ತು ಅವರ ಬಾಳಸಂಗಾತಿ ಟೆರಿ ಮಿಲ್ಲರ್ ಎಂಬವರು. ಆ ತಿಂಗಳ ಆದಿಭಾಗದಲ್ಲಿ ಇಂಡಿಯಾನಾ ರಾಜ್ಯದ ಹದಿನೈದು ವರ್ಷದ ಹುಡುಗನೊಬ್ಬನು, ಸಲಿಂಗಾಸಕ್ತನೆಂದು ಸಹಪಾಠಿಗಳು ಎಡೆಬಿಡದೆ ಹಂಗಿಸುತ್ತಿದ್ದ ಸ್ಥಿತಿಯಲ್ಲಿ ಪ್ರಾಣ ಕಳೆದುಕೊಂಡಿದ್ದನು. ಆ ಹುಡುಗನನ್ನು ಕಂಡು ಐದು ನಿಮಿಷ ಮಾತನಾಡುವ ಅವಕಾಶ ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೆಂದು ಯೋಚಿಸಿದ ಸ್ಯಾವೇಜ್, ಆ ಮಾತುಗಳನ್ನು ಬದುಕಿರುವ ಇತರ ಮಕ್ಕಳಿಗೆ ಹೇಳಲು ನಿಶ್ಚಯಿಸಿದರು. ಇಬ್ಬರೂ ತಾವು ಶಾಲೆಯಲ್ಲಿ ಪಟ್ಟ ಪಾಡನ್ನು ವರ್ಣಿಸಿದರು; ಅನಂತರ ತಮಗೆ ದೊರೆತ ಸಂಸಾರವನ್ನೂ ದತ್ತುಪುತ್ರನನ್ನೂ ಕುರಿತು ಹೇಳಿದರು. ಇಷ್ಟೇ ಅದರ ವಸ್ತು. ಇಂದಿನ ಕಷ್ಟ ಹೀಗೆಯೇ ಉಳಿಯುವುದಿಲ್ಲ, ಮುಂದೆ ಸರಿಹೋಗುತ್ತದೆ ಎಂಬುದು ಅದರ ಸಾರ. 'ಇಟ್ ಗೆಟ್ಸ್ ಬೆಟರ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾರ್ಯಕ್ಕೆ ಇದೇ ಮೊದಲಾಯಿತು.

ಇದರಲ್ಲಿ ಚರಿತ್ರೆಯ ವಿದ್ಯಾರ್ಥಿಗೇನು ಕೆಲಸವೆಂದು ವಾಚಕರು ಕೇಳಬಹುದು. 'ಮುಂದೆ ಒಳ್ಳೆಯದಾಗುತ್ತದೆ' ಎಂಬ ಮಾತು ಹಳೆಯದು. ಹಿರಿಯರು ಕಿರಿಯರಿಗೆ ಎಂದಿನಿಂದಲೂ ಹೇಳುತ್ತ ಬಂದದ್ದು. ಆದರೆ ಈ ಒಂದು ಬಗೆಯ ಮಕ್ಕಳಿಗೆ ಆ ಮಾತನ್ನು ಹೇಳಬಲ್ಲ ಹಿರಿಯರು ಬಹುಕಾಲ ಅವರ ಬಳಿಗೆ ಹೋಗುವಂತಿರಲಿಲ್ಲ. ಬಾಗಿಲಲ್ಲಿ ತಂದೆತಾಯಿಗಳೂ ಶಾಲೆಯ ಅಧಿಕಾರಿಗಳೂ ನಿಂತಿದ್ದರು. ಅಂತರ್ಜಾಲವು ಆ ಕಾವಲನ್ನು ದಾಟಿತು. ದಾಟಿ ಎಷ್ಟು ದೂರ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಎಲ್‌ಜಿಬಿಟಿಕ್ಯೂ ಎಂಬ ಅಕ್ಷರಸಮೂಹವು ಈಗ ನಮ್ಮ ಪತ್ರಿಕೆಗಳಲ್ಲಿಯೂ ಬಳಕೆಯಲ್ಲಿದೆ. ಸಲಿಂಗಾಸಕ್ತರಾದ ಸ್ತ್ರೀಪುರುಷರು, ಉಭಯಲಿಂಗಾಸಕ್ತರು, ಹುಟ್ಟಿದಾಗ ಗೊತ್ತುಮಾಡಿದ ಲಿಂಗಕ್ಕಿಂತ ಬೇರೆಯಾಗಿ ತಮ್ಮನ್ನು ಅರಿತುಕೊಂಡವರು ಮೊದಲಾದವರೆಲ್ಲ ಇದರಲ್ಲಿ ಸೇರುತ್ತಾರೆ. ಇತರ ಅಲ್ಪಸಂಖ್ಯಾತರ ಮಕ್ಕಳಿಗೂ ಈ ಮಕ್ಕಳಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅಮೆರಿಕದಲ್ಲಿ ಆಫ್ರಿಕನ್ ಮೂಲದ ಹುಡುಗನೊಬ್ಬನು ಬಣ್ಣದ ಕಾರಣದಿಂದ ಶಾಲೆಯಲ್ಲಿ ಅವಮಾನಪಟ್ಟು ಮನೆಗೆ ಬಂದರೆ, ಅದೇ ಅವಮಾನವನ್ನು ಉಂಡ ತಂದೆಯೋ ಅಜ್ಜಿಯೋ ಅಲ್ಲಿರುತ್ತಾರೆ. ನಮ್ಮಲ್ಲಿ ಜಾತಿಯ ಹೆಸರಿನಲ್ಲಿ ನೊಂದ ಮಗುವಿನ ವಿಷಯವೂ ಹೀಗೆಯೇ. ಇದರಿಂದ ಅವಮಾನದ ಉರಿ ತಗ್ಗುತ್ತದೆಂದು ನಾವು ಹೇಳುತ್ತಿಲ್ಲ; ಆದರೆ ಅದನ್ನು ಹೇಳಿಕೊಳ್ಳಲು ಒಂದು ಭಾಷೆ, ತಾಳಿಕೊಂಡವರ ಒಂದು ಕಥೆ ಆ ಮನೆಯಲ್ಲಿ ಮೊದಲೇ ಇರುತ್ತದೆ. ಲೈಂಗಿಕ ಅಲ್ಪಸಂಖ್ಯಾತನಾದ ಬಾಲಕನಾದರೋ ತನ್ನ ಮನೆಯಲ್ಲಿಯೂ ಒಬ್ಬಂಟಿಗನೇ. ಶಾಲೆಯಲ್ಲಿ ಏನು ಬೈದರೆಂದು ಅಮ್ಮನಿಗೆ ಹೇಳಬೇಕಾದರೆ, ಯಾಕೆ ಬೈದರೆಂಬುದನ್ನೂ ಹೇಳಬೇಕಾಗುತ್ತದೆ. ಆದ್ದರಿಂದ ಅವನು ಸುಮ್ಮನಿರುತ್ತಾನೆ.

ಹಿರಿಯರು ತಾವಾಗಿಯೇ ಮುಂದೆ ಬಂದು ಮಾತನಾಡಬಹುದಿತ್ತಲ್ಲವೆ? 1970ರ ದಶಕದ ಅಮೆರಿಕದ ಇತಿಹಾಸವನ್ನು ನೋಡಿದರೆ ಅದೇಕೆ ಆಗಲಿಲ್ಲವೆಂಬುದು ತಿಳಿಯುತ್ತದೆ. 1977ರಲ್ಲಿ ಗಾಯಕಿ ಅನಿಟಾ ಬ್ರಯಂಟ್ ಎಂಬವರು ಫ್ಲಾರಿಡಾದ ಡೇಡ್ ಪ್ರಾಂತದಲ್ಲಿ ನಡೆಸಿದ ಆಂದೋಲನದ ಹೆಸರೇ 'ನಮ್ಮ ಮಕ್ಕಳನ್ನು ಉಳಿಸಿ' ಎಂದು. ಸಲಿಂಗಿಗಳು ಮಕ್ಕಳನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತಾರೆಂಬುದು ಅದರ ಮುಖ್ಯ ಆರೋಪ. ಆ ವರ್ಷ ಜೂನ್ 7ರಂದು ನಡೆದ ಮತದಾನದಲ್ಲಿ ಅಲ್ಲಿನ ಸಲಿಂಗಿಗಳಿಗೆ ರಕ್ಷಣೆ ನೀಡಿದ್ದ ನಿಯಮವು ರದ್ದಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ, ಸಲಿಂಗಿಗಳು ಸರ್ಕಾರಿ ಶಾಲೆಗಳಲ್ಲಿ ಉಪಾಧ್ಯಾಯರಾಗಿರಬಾರದೆಂಬ ಸೂಚನೆಯು ಜನರ ಮುಂದೆ ಬಂದು, 1978ರ ನವೆಂಬರ್ 7ರಂದು ಸೋತಿತು. ಸೋತರೂ ಅದು ಬಿಟ್ಟುಹೋದ ಭಯ ಸಾಮಾನ್ಯವಾದುದಲ್ಲ. ನೊಂದ ವಿದ್ಯಾರ್ಥಿಯ ಹೆಗಲ ಮೇಲೆ ಕೈಯಿಟ್ಟು 'ನಾನೂ ನಿನ್ನಂತೆಯೇ' ಎಂದು ಹೇಳಬಲ್ಲ ಅಧ್ಯಾಪಕನು, ಹಾಗೆ ಹೇಳಿದರೆ ತನ್ನ ಅನ್ನಕ್ಕೇ ಸಂಚಕಾರವೆಂದು ತಿಳಿದಿದ್ದನು.

ಈ ಕಟ್ಟನ್ನು ಒಳಗಿನಿಂದಲೇ ಸಡಿಲಿಸಿದವರೂ ಉಂಟು. ನ್ಯೂಯಾರ್ಕಿನ ಶಾಲಾ ಉಪಾಧ್ಯಾಯಿನಿ ಜೀನ್ ಮ್ಯಾನ್‌ಫರ್ಡ್ ಅವರ ಮಗನು ಸಲಿಂಗಿಗಳ ಹಕ್ಕುಗಳಿಗಾಗಿ ಪ್ರತಿಭಟಿಸುತ್ತಿದ್ದಾಗ 1972ರ ಏಪ್ರಿಲಿನಲ್ಲಿ ಪೆಟ್ಟುತಿಂದನು. ತಾಯಿ 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆಗೆ ಕಾಗದ ಬರೆದು, ತನ್ನ ಮಗನು ಸಲಿಂಗಿಯೆಂದೂ ಅವನನ್ನು ತಾನು ಪ್ರೀತಿಸುವೆನೆಂದೂ ಬಹಿರಂಗವಾಗಿ ತಿಳಿಸಿದರು. ಅದೇ ಜೂನ್ ತಿಂಗಳ ಮೆರವಣಿಗೆಯಲ್ಲಿ ಮಗನ ಜೊತೆಗೆ ನಡೆದಾಗ, ಅಪರಿಚಿತ ಯುವಕಯುವತಿಯರು ಓಡಿಬಂದು, ತಮ್ಮ ತಂದೆತಾಯಿಗಳೊಡನೆಯೂ ಒಂದು ಮಾತು ಆಡಬೇಕೆಂದು ಅವರನ್ನು ಬೇಡಿದರಂತೆ. 1973ರ ಮಾರ್ಚಿನಲ್ಲಿ ಚರ್ಚೊಂದರಲ್ಲಿ ಸೇರಿದ ಸುಮಾರು ಇಪ್ಪತ್ತು ಮಂದಿಯ ಸಭೆಯಿಂದ ಪೋಷಕರ ಸಂಘವೊಂದು ಬೆಳೆಯಿತು. ಅದೇ ಇಂದಿನ ಪಿಫ್ಲ್ಯಾಗ್ ಸಂಸ್ಥೆ. ಮಕ್ಕಳು ಬೇಡಿದ್ದು ತಮಗಾಗಿ ಸಮಾಧಾನವನ್ನಲ್ಲ, ತಂದೆತಾಯಿಗಳಿಗಾಗಿ ಒಬ್ಬ ಮಾತುಗಾರ್ತಿಯನ್ನು ಎಂಬ ಅಂಶ ನಮ್ಮ ದೃಷ್ಟಿಯಲ್ಲಿ ಬಹು ಗಮನಾರ್ಹವಾದುದು.

ದೂರವಾಣಿಯ ಕಾಲ ಅನಂತರ ಬಂದಿತು. 'ಟ್ರೆವರ್' ಎಂಬುದು 1994ರಲ್ಲಿ ತಯಾರಾಗಿ ಮರುವರ್ಷ ಆಸ್ಕರ್ ಬಹುಮಾನ ಪಡೆದ ಕಿರುಚಿತ್ರ. ತಾನು ಸಲಿಂಗಿಯೆಂದು ಕಂಡುಕೊಳ್ಳುವ ಹದಿಮೂರು ವರ್ಷದ ಬಾಲಕನ ಕಥೆ. 1998ರಲ್ಲಿ ಅದನ್ನು ದೂರದರ್ಶನದಲ್ಲಿ ತೋರಿಸುವ ಏರ್ಪಾಡಾದಾಗ, ಅದನ್ನು ನೋಡಿ ಕಲಕಿದ ಮಕ್ಕಳು ಕರೆಯಬಹುದಾದ ಒಂದು ಸಂಖ್ಯೆಯನ್ನು ಕೊನೆಯಲ್ಲಿ ಕೊಡೋಣವೆಂದು ತಯಾರಕರು ಹುಡುಕಿದರು. ಇಂಥ ಮಕ್ಕಳಿಗೆಂದೇ ಇರುವ, ದೇಶಕ್ಕೆಲ್ಲ ಸಲ್ಲುವ ಸಹಾಯವಾಣಿ ಒಂದೂ ಇರಲಿಲ್ಲ. ಅವರೇ ಅದನ್ನು ಸ್ಥಾಪಿಸಿದರು. ಮೊದಲ ರಾತ್ರಿಯೇ ಸಾವಿರದ ಐನೂರಕ್ಕೂ ಹೆಚ್ಚು ಕರೆಗಳು ಬಂದುವೆಂದು ಆ ಸಂಸ್ಥೆಯ ಇತಿಹಾಸವು ಹೇಳುತ್ತದೆ. ಈಗ ಅದು ದೂರವಾಣಿಯ ಜೊತೆಗೆ ಬರಹದ ಸಂದೇಶಗಳ ಮೂಲಕವೂ ನಡೆಯುತ್ತಿದೆ. ಅಪ್ಪನು ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಗಟ್ಟಿಯಾಗಿ ಮಾತನಾಡಲಾರದ ಮಗುವಿಗೆ ಬರಹವೇ ಅನುಕೂಲ. ಈ ಸಣ್ಣ ಸಂಗತಿ ಯಂತ್ರಶಾಸ್ತ್ರಕ್ಕಿಂತ ಮನೆಯ ಗೋಡೆಗಳಿಗೆ ಸಂಬಂಧಿಸಿದ್ದು.

ಇಷ್ಟು ಹಿನ್ನೆಲೆಯಿಟ್ಟುಕೊಂಡು 2010ಕ್ಕೆ ಮರಳೋಣ. ತನ್ನಂಥ ಲೇಖಕನನ್ನು ಯಾವ ಪ್ರೌಢಶಾಲೆಯೂ ಭಾಷಣಕ್ಕೆ ಕರೆಯುವುದಿಲ್ಲವೆಂಬುದು ಸ್ಯಾವೇಜರಿಗೆ ಗೊತ್ತಿತ್ತು. ತಮಗೆ ಇನ್ನು ಅವಶ್ಯವೇ ಇಲ್ಲದ ಅಪ್ಪಣೆಗಾಗಿ ತಾವು ಕಾಯುತ್ತಿದ್ದುದು ಆಗ ಹೊಳೆಯಿತೆಂದು ಅವರು ಬರೆದಿದ್ದಾರೆ. ಈ ಕಾರ್ಯದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ. ವಾರ ಕಳೆಯುವಷ್ಟರಲ್ಲಿ, ಅಂದು ಯೂಟ್ಯೂಬಿನ ಒಂದು ವಾಹಿನಿಗೆ ಗೊತ್ತಾಗಿದ್ದ 650 ವಿಡಿಯೋಗಳ ಮಿತಿ ತುಂಬಿಹೋಯಿತು. ಅಕ್ಟೋಬರ್ 12ರಂದು ಟೆಕ್ಸಾಸ್ ರಾಜ್ಯದ ಫೋರ್ಟ್‌ವರ್ತ್ ನಗರಸಭೆಯ ಸದಸ್ಯ ಜೋಯೆಲ್ ಬರ್ನ್ಸ್ ಅವರು ಸಭೆಯಲ್ಲಿಯೇ ಎದ್ದುನಿಂತು, ಹುಡುಗನಾಗಿದ್ದಾಗ ತಾವು ಅನುಭವಿಸಿದ್ದನ್ನು ಓದಿದರು. ನಡುವೆ ಕೆಲವು ಸಾಲುಗಳನ್ನು, ತಂದೆತಾಯಿಗಳು ಕೇಳಿ ನೊಂದಾರೆಂದು, ಓದಲಾರದೆ ಬಿಟ್ಟರು. ಅಲ್ಲಿ ಬಿಟ್ಟುಹೋದ ಸಾಲುಗಳೇ ಆ ಭಾಷಣದ ಬಲವಾದ ಭಾಗವೆಂದು ನಮಗೆ ತೋರುತ್ತದೆ. ತಿಂಗಳು ತುಂಬುವ ವೇಳೆಗೆ ಅಧ್ಯಕ್ಷ ಬರಾಕ್ ಒಬಾಮರೂ ವಿಡಿಯೋ ಒಂದನ್ನು ಕಳುಹಿಸಿದರು. ಆದರೆ ಅವರು ಹೀಗೆ ಧೈರ್ಯ ಹೇಳುತ್ತಿದ್ದಾಗ, ಅವರದೇ ಸೈನ್ಯದಲ್ಲಿ ಸಲಿಂಗಿಗಳು ತಮ್ಮನ್ನು ಬಚ್ಚಿಟ್ಟುಕೊಂಡೇ ಸೇವೆ ಸಲ್ಲಿಸಬೇಕೆಂಬ ಕಾನೂನು ಜಾರಿಯಲ್ಲಿತ್ತು. ಅದು ನಿಂತದ್ದು 2011ರ ಸೆಪ್ಟೆಂಬರಿನಲ್ಲಿ.

ಕಾಲಕ್ರಮದಲ್ಲಿ ಇಂಥ ವಿಡಿಯೋಗಳು ಐವತ್ತು ಸಾವಿರವನ್ನು ಮೀರಿದವೆಂದು ಆ ಸಂಸ್ಥೆಯು ಹೇಳಿದೆ. ಚರಿತ್ರಕಾರನ ಕೈಗೆ ಇದೊಂದು ಅಪೂರ್ವವಾದ ಆಕರರಾಶಿ. ರಾಜರ ಶಾಸನ, ಸರ್ಕಾರದ ಕಡತ ಯಾವುದರಲ್ಲಿಯೂ ಕಾಣಿಸದ ಶಾಲಾಬಾಲಕರ ಯಾತನೆ ಇಲ್ಲಿ ಅನುಭವಿಸಿದವರ ಬಾಯಿಂದಲೇ ದಾಖಲಾಗಿದೆ. ಆದರೆ ಆಕರಗಳನ್ನು ಒರೆಹಚ್ಚಿ ನೋಡುವುದು ನಮ್ಮ ವೃತ್ತಿಧರ್ಮ. ಇಲ್ಲಿ ಮಾತನಾಡಿದವರೆಲ್ಲ ಬದುಕುಳಿದವರು. ಬಹುಮಟ್ಟಿಗೆ ಊರು ಬಿಟ್ಟು ನಗರ ಸೇರಿ, ಓದಿ, ಉದ್ಯೋಗ ಪಡೆದವರು. ಯಾರಿಗೆ ಸರಿಹೋಗಲಿಲ್ಲವೋ ಅವರು ವಿಡಿಯೋ ಮಾಡಲಿಲ್ಲ. ಆದ್ದರಿಂದ 'ಸರಿಹೋಗುತ್ತದೆ' ಎಂಬುದನ್ನು ಸಾಧ್ಯತೆಗೆ ಸಾಕ್ಷಿಯೆಂದು ಓದಬೇಕೇ ಹೊರತು ನಿಯಮವೆಂದಲ್ಲ. ಸಾಧ್ಯತೆಯೊಂದು ಇದೆಯೆಂದೇ ತಿಳಿಯದ ಮಗುವಿಗೆ ಅಷ್ಟೇ ದೊಡ್ಡದೆಂಬುದೂ ನಿಜ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು: ಒಂದು ಸಾವನ್ನು ಒಂದೇ ಕಾರಣಕ್ಕೆ ಕಟ್ಟಿಹಾಕುವುದು ತಪ್ಪು. ಕಾಟಕ್ಕೊಳಗಾದ ಮಕ್ಕಳಲ್ಲಿ ಬಹುಪಾಲು ಜನ ಬದುಕಿ ಬೆಳೆಯುತ್ತಾರೆ; ಅದು ಅವರಿಗೆ ತಿಳಿದಿರುವುದು ಒಳ್ಳೆಯದು.

ಇದರ ಮೇಲೆ ಬಂದ ಆಕ್ಷೇಪಣೆಗಳಲ್ಲಿ ಒಂದನ್ನು ತಳ್ಳಿಹಾಕಲಾಗದು. ಹದಿನಾಲ್ಕು ವರ್ಷದವನಿಗೆ ನಾಲ್ಕು ವರ್ಷ ತಾಳಿಕೊಂಡಿರು ಎಂದರೆ, ಆ ನಾಲ್ಕು ವರ್ಷದ ಹೊಣೆಯನ್ನು ಅವನ ಮೇಲೆಯೇ ಹೊರಿಸಿದಂತಾಯಿತಲ್ಲವೆ? ಹೊಡೆಯುವವರನ್ನು ತಡೆಯುವವರಾರು? ಮೊದಲ ವಿಡಿಯೋದಲ್ಲಿಯೇ ಇದಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಟೆರಿ ಮಿಲ್ಲರ್ ಅವರ ತಂದೆತಾಯಿಗಳು ಶಾಲೆಗೆ ಹೋಗಿ ದೂರಿತ್ತಾಗ, ನಿಮ್ಮ ಮಗ ಹೀಗೆ ನಡೆದರೆ, ಹೀಗೆ ಮಾತನಾಡಿದರೆ ನಾವೇನೂ ಮಾಡಲಾರೆವೆಂಬ ಅರ್ಥದ ಉತ್ತರ ಬಂದಿತಂತೆ.

ಇದೇ ಬಗೆಯ ಉತ್ತರವು ನ್ಯಾಯಾಲಯದ ಮೆಟ್ಟಿಲೇರಿದ ಪ್ರಸಂಗವೊಂದುಂಟು. ವಿಸ್ಕಾನ್ಸಿನ್ ರಾಜ್ಯದ ಆಶ್‌ಲ್ಯಾಂಡ್ ಎಂಬ ಚಿಕ್ಕ ಊರಿನಲ್ಲಿ ಜೇಮಿ ನಬೊಜ್ನಿ ಎಂಬ ಹುಡುಗನು ಏಳನೆಯ ತರಗತಿಯಿಂದ ಆರಂಭಿಸಿ ವರ್ಷಗಟ್ಟಲೆ ಹಿಂಸೆಗೆ ಗುರಿಯಾದನು. ತರಗತಿಯಲ್ಲಿಯೇ ಅವನನ್ನು ಕೆಡವಿ, ಇತರರು ನೋಡಿ ನಗುತ್ತಿರಲು, ಅತ್ಯಾಚಾರದ ಅಣಕವಾಡಿದರು. ಇನ್ನೊಮ್ಮೆ ಹೊಟ್ಟೆಗೆ ಒದ್ದ ಒದೆತದಿಂದ ಅವನಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ತಂದೆತಾಯಿಗಳು ದೂರಿತ್ತರು, ಮತ್ತೆ ಮತ್ತೆ ಇತ್ತರು. ಹುಡುಗರೆಂದ ಮೇಲೆ ಇದೆಲ್ಲ ಇದ್ದದ್ದೇ, ಅವನು ತನ್ನ ಸ್ವಭಾವವನ್ನು ಬಚ್ಚಿಡದಿದ್ದರೆ ಇದನ್ನು ನಿರೀಕ್ಷಿಸಲೇಬೇಕು ಎಂಬ ಧಾಟಿಯ ಮಾತು ಶಾಲೆಯ ಮುಖ್ಯಸ್ಥರಿಂದ ಬಂದಿತೆಂದು ಮೊಕದ್ದಮೆಯ ದಾಖಲೆಯಲ್ಲಿದೆ. ಹುಡುಗನು ಹನ್ನೊಂದನೆಯ ತರಗತಿಯಲ್ಲಿ ಊರು ಬಿಟ್ಟನು. 1996ರ ಜುಲೈ 31ರಂದು ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಇತರ ವಿದ್ಯಾರ್ಥಿಗಳಿಗೆ ಸಲ್ಲುವ ಸಮಾನ ರಕ್ಷಣೆ ಈತನಿಗೂ ಸಲ್ಲತಕ್ಕದ್ದೆಂದು ಹೇಳಿ ಮೊಕದ್ದಮೆಗೆ ದಾರಿ ಮಾಡಿಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಶಾಲೆಯ ಅಧಿಕಾರಿಗಳೇ ಹೊಣೆಗಾರರೆಂದು ಜ್ಯೂರಿ ತೀರ್ಮಾನಿಸಿತು. ಕೊನೆಗೆ ಒಂಬತ್ತು ಲಕ್ಷ ಡಾಲರಿಗೂ ಮಿಕ್ಕ ಪರಿಹಾರಕ್ಕೆ ರಾಜಿಯಾಯಿತು. ಅಂದಿನಿಂದ 'ಹುಡುಗಾಟ' ಎಂಬ ಮಾತಿಗೆ ಅಮೆರಿಕದ ಶಾಲೆಗಳು ಬೆಲೆ ಲೆಕ್ಕ ಹಾಕಬೇಕಾಯಿತು.

ನಮ್ಮ ಭಾಷೆಯಲ್ಲಿಯೂ ಈ ಹಿಂಸೆಗಿರುವ ಹೆಸರುಗಳು ಬಹಳ ಮೃದುವಾದವು: ಕೀಟಲೆ, ಚೇಷ್ಟೆ, ಗೇಲಿ, ತಮಾಷೆ. ಶಬ್ದವು ಹಗುರವಾಗಿದ್ದರೆ ಅಪರಾಧವೂ ಹಗುರವಾಗಿ ಕಾಣುತ್ತದೆ. ನಾವು ಪದವಿ ತರಗತಿಯಲ್ಲಿದ್ದಾಗ ನಮ್ಮ ಸಹಪಾಠಿಯೊಬ್ಬನ ನಡಿಗೆಯನ್ನೂ ದನಿಯನ್ನೂ ಅಣಕಿಸುವುದು ನಿತ್ಯದ ವಿನೋದವಾಗಿತ್ತು. ಹಾಜರಿ ಕೂಗುವಾಗ ಅವನ ಹೆಸರು ಬಂದೊಡನೆ ಹಿಂದಿನ ಬೆಂಚಿನಿಂದ ಹೆಣ್ಣುದನಿಯಲ್ಲಿ 'ಪ್ರೆಸೆಂಟ್' ಎಂಬ ಉತ್ತರ ಬರುತ್ತಿತ್ತು. ಅಧ್ಯಾಪಕರು ನಸುನಕ್ಕು ಮುಂದಿನ ಹೆಸರಿಗೆ ಹೋಗುತ್ತಿದ್ದರು. ನಾವೂ ನಕ್ಕವರೇ. ಎರಡನೆಯ ವರ್ಷದ ನಡುವಿನಲ್ಲಿ ಆ ಹೆಸರನ್ನು ಹಾಜರಿ ಪುಸ್ತಕದಿಂದ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದನ್ನು ನೋಡಿದೆವು. ಅಷ್ಟರಲ್ಲಿ ದೂರದ ಯಾವುದೋ ಊರಿನಿಂದ ಧೈರ್ಯದ ಮಾತು ಅವನ ಕಿವಿಗೆ ಬಿದ್ದಿದ್ದರೂ, ಪ್ರತಿದಿನ ಒಂಬತ್ತೂವರೆಗೆ ಅವನು ಕೇಳಬೇಕಾಗಿದ್ದದ್ದು ಆ ಹಿಂದಿನ ಬೆಂಚಿನ ದನಿಯನ್ನೇ.

ಸಂಶೋಧನೆಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಆರೆಗನ್ ರಾಜ್ಯದಲ್ಲಿ ಹನ್ನೊಂದನೆಯ ತರಗತಿಯ 31,852 ವಿದ್ಯಾರ್ಥಿಗಳ ಉತ್ತರಗಳನ್ನು ಆಧರಿಸಿ ಹ್ಯಾಟ್ಜೆನ್‌ಬ್ಯೂಲರ್ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶಾಲೆಯಲ್ಲಿ ಸ್ನೇಹಕೂಟಗಳಿರುವುದು, ಕಾಟವನ್ನು ತಡೆಯುವ ನಿಯಮದಲ್ಲಿ ಸಲಿಂಗಿ ವಿದ್ಯಾರ್ಥಿಗಳನ್ನು ಹೆಸರಿಸಿಯೇ ರಕ್ಷಿಸಿರುವುದು ಮೊದಲಾದ ಅಂಶಗಳಿಂದ ಅವರು ಪ್ರತಿಯೊಂದು ಪ್ರಾಂತದ ವಾತಾವರಣವನ್ನು ಅಳೆದರು. ಪ್ರತಿಕೂಲ ವಾತಾವರಣದಲ್ಲಿದ್ದ ಸಲಿಂಗಿ ಹಾಗೂ ಉಭಯಲಿಂಗಾಸಕ್ತ ವಿದ್ಯಾರ್ಥಿಗಳಲ್ಲಿ ಆತ್ಮಹತ್ಯೆಯ ಪ್ರಯತ್ನದ ಸಂಭವವು, ಅನುಕೂಲ ವಾತಾವರಣದಲ್ಲಿದ್ದವರಿಗಿಂತ ಶೇಕಡಾ 20ರಷ್ಟು ಹೆಚ್ಚೆಂದು ಕಂಡುಬಂದಿತು. ಮನೆಯ ಪಾತ್ರ ಇನ್ನೂ ದೊಡ್ಡದು. ಕೇಟ್ಲಿನ್ ರಯನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದಂತೆ, ಹರೆಯದಲ್ಲಿ ಮನೆಯವರಿಂದ ತೀವ್ರವಾಗಿ ತಿರಸ್ಕೃತರಾದ ಯುವಜನರು, ಅಂಥ ತಿರಸ್ಕಾರ ಇಲ್ಲದೆಯೋ ಅತ್ಯಲ್ಪವಾಗಿಯೋ ಬೆಳೆದವರಿಗಿಂತ 8.4 ಪಟ್ಟು ಹೆಚ್ಚಾಗಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದುದಾಗಿ ಹೇಳಿದರು. ಇವುಗಳ ಜೊತೆಗೆ, ಟ್ರೆವರ್ ಸಂಸ್ಥೆಯು 2019ರಲ್ಲಿ ಕಂಡುಕೊಂಡದ್ದನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ತನ್ನನ್ನು ಒಪ್ಪಿಕೊಳ್ಳುವ ಹಿರಿಯರೊಬ್ಬರಾದರೂ ಇರುವ ಕಿಶೋರರಲ್ಲಿ ಹಿಂದಿನ ವರ್ಷ ಅಂಥ ಪ್ರಯತ್ನ ಮಾಡಿದ್ದಾಗಿ ಹೇಳುವ ಸಂಭವ ಶೇಕಡಾ 40ರಷ್ಟು ಕಡಿಮೆ. ಒಬ್ಬರು ಸಾಕು, ಅವರು ತಂದೆತಾಯಿಯೇ ಆಗಬೇಕೆಂದಿಲ್ಲ.

ಅಂತರ್ಜಾಲವನ್ನು ಬರಿಯ ಉಪಕಾರಿಯೆಂದು ಕೊಂಡಾಡುವಂತೆಯೂ ಇಲ್ಲ. ಮೇಲೆ ಹೇಳಿದ ಮೊದಲ ವಿಡಿಯೋ ಪ್ರಕಟವಾದ ಮರುದಿನವೇ ನ್ಯೂಜೆರ್ಸಿಯ ವಿಶ್ವವಿದ್ಯಾನಿಲಯವೊಂದರ ಹದಿನೆಂಟು ವರ್ಷದ ವಿದ್ಯಾರ್ಥಿಯೊಬ್ಬನು ತೀರಿಕೊಂಡನು. ಅವನ ಕೋಣೆವಾಸಿಯು ಗಣಕಯಂತ್ರದ ಕ್ಯಾಮರಾದ ಮೂಲಕ ಅವನ ಖಾಸಗಿ ಬದುಕನ್ನು ಇಣುಕಿ ನೋಡಿದ್ದನು. ಅಮೆರಿಕದ ಗ್ಲಿಸೆನ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಂತರ್ಜಾಲದಲ್ಲಿ ಕಾಟ ಅನುಭವಿಸಿದ ಲೈಂಗಿಕ ಅಲ್ಪಸಂಖ್ಯಾತ ಕಿಶೋರರು ಶೇಕಡಾ 42. ಇತರರಲ್ಲಿ ಈ ಪ್ರಮಾಣ 15. ಅದೇ ಸಮೀಕ್ಷೆಯಲ್ಲಿ, ಅಂತರ್ಜಾಲದ ಮೂಲಕವೇ ಆದ ಆಪ್ತಸ್ನೇಹಿತರೊಬ್ಬರಾದರೂ ಇದ್ದಾರೆಂದವರು ಶೇಕಡಾ 50. ಇತರರಲ್ಲಿ 19 ಮಾತ್ರ. ಕಲ್ಲು ಬರುವ ದಾರಿಯಲ್ಲಿಯೇ ಕೈಯೂ ಬರುತ್ತದೆ. ಮಗುವಿನ ಕೈಯಿಂದ ಫೋನನ್ನು ಕಿತ್ತುಕೊಂಡರೆ ಎರಡೂ ನಿಲ್ಲುತ್ತವೆ.

ದೂರದ ಆಸರೆಗೆ ಇನ್ನೊಂದು ದೌರ್ಬಲ್ಯವೂ ಉಂಟು: ಅದನ್ನು ನಡೆಸುವವರ ಮನಸ್ಸು ಬದಲಾದರೆ ಅದು ನಿಂತುಹೋಗಬಹುದು. 2022ರಲ್ಲಿ ಅಮೆರಿಕದ 988 ಎಂಬ ರಾಷ್ಟ್ರೀಯ ಸಹಾಯವಾಣಿ ಆರಂಭವಾದಾಗ, 3ನ್ನು ಒತ್ತಿದರೆ ಲೈಂಗಿಕ ಅಲ್ಪಸಂಖ್ಯಾತ ಯುವಜನರಿಗೆಂದೇ ತರಬೇತಿ ಪಡೆದವರು ಮಾತನಾಡುವ ಏರ್ಪಾಡಾಯಿತು. ಅದಕ್ಕೆ ಸುಮಾರು 13 ಲಕ್ಷ ಕರೆಗಳೂ ಸಂದೇಶಗಳೂ ಬಂದ ಮೇಲೆ, 2025ರ ಜುಲೈ 17ರಂದು ಸರ್ಕಾರವು ಆ ವಿಭಾಗವನ್ನು ನಿಲ್ಲಿಸಿತು.

ಇನ್ನು ನಮ್ಮ ದೇಶದ ಮಾತು. ಬೆಂಗಳೂರಿನಲ್ಲಿ 1994ರಷ್ಟು ಹಿಂದೆಯೇ 'ಗುಡ್ ಆ್ಯಸ್ ಯೂ' ಎಂಬ ಆಸರೆಯ ಗುಂಪೂ 1999ರಲ್ಲಿ 'ಸಂಗಮ' ಸಂಸ್ಥೆಯೂ ಆರಂಭವಾದುವು. ಆಗ ಅಂತರ್ಜಾಲವು ನಮ್ಮ ಮನೆಗಳಿಗೆ ಬಂದಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಣ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸಾರಿತು. ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದುದು ಇವೆರಡಕ್ಕಿಂತ ಕಡಿಮೆ ಪ್ರಸಿದ್ಧವಾದ ಇನ್ನೊಂದು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ‍್ಯಾಗಿಂಗನ್ನು ತಡೆಯಲು 2009ರಲ್ಲಿ ಮಾಡಿದ ನಿಯಮಾವಳಿಗೆ 2016ರಲ್ಲಿ ತಿದ್ದುಪಡಿ ತಂದು, ಜಾತಿ, ಧರ್ಮ, ಬಣ್ಣ, ಭಾಷೆ ಮುಂತಾದವುಗಳ ಜೊತೆಗೆ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣದಿಂದ ವಿದ್ಯಾರ್ಥಿಯೊಬ್ಬನನ್ನು ದೈಹಿಕವಾಗಿ ಅಥವಾ ಮಾನಸಿಕವಾಗಿ ಹಿಂಸಿಸುವುದನ್ನೂ ಹೊರಗಿಡುವುದನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸಿದೆ. ಹಿಂಸೆಗೊಳಗಾದವನು ಹೊಸ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಅಂದರೆ ಹಿಂದಿನ ಬೆಂಚಿನ ಆ 'ಪ್ರೆಸೆಂಟ್' ಈಗ ಕೀಟಲೆಯಲ್ಲ.

ದೂರು ಕೊಡಲು 1800-180-5522 ಎಂಬ ರಾಷ್ಟ್ರೀಯ ಸಂಖ್ಯೆಯಿದೆ. ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಲು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯನ್ನು 14416ರಲ್ಲಿ ಕರೆಯಬಹುದು. ಅದರ ರಾಷ್ಟ್ರಮಟ್ಟದ ಕೇಂದ್ರವು ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲಿಯೂ ಮಾತನಾಡಬಹುದು. ಇವು ಲೈಂಗಿಕ ಅಲ್ಪಸಂಖ್ಯಾತರಿಗೆಂದೇ ಇರುವ ಸೇವೆಗಳಲ್ಲವಾದರೂ ಅವರಿಗೂ ಸಲ್ಲತಕ್ಕವು.

2016ರ ತಿದ್ದುಪಡಿಯು ನಾವು ಕಂಡ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಪ್ರಕಟಣಾ ಫಲಕದ ಮೂಲೆಯಲ್ಲಿ ಇರುತ್ತದೆ. ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಒಪ್ಪಿಗೆ ಕೊಡುತ್ತಾರೆ. ಓದಿ ಕೊಡುವವರನ್ನು ನಾವು ಕಂಡದ್ದು ಕಡಿಮೆ. ಕಳೆದ ಎರಡು ವರ್ಷಗಳಿಂದ ನಮ್ಮ ವಿಭಾಗದಲ್ಲಿ, ಮೊದಲನೆಯ ವರ್ಷದ ಮೊದಲ ತರಗತಿಯಲ್ಲಿ ಹಾಜರಿ ಕರೆಯುವ ಮುನ್ನ ಆ ಒಂದು ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದುತ್ತಿದ್ದೇವೆ. ಎರಡು ನಿಮಿಷ ಹಿಡಿಯುತ್ತದೆ.